ಅರಗಿಗೊಂದು ವೇಗ, ಉಳಿಗೊಂದು ವೇಗ

ಚನ್ನಪಟ್ಟಣದ ಬೊಂಬೆಗೆ ಬಣ್ಣ ಹತ್ತುವುದು ಅದು ಲೇತಿನ ಮೇಲೆ ತಿರುಗುತ್ತಿರುವಾಗಲೇ. ಹಾಲೆ ಮರದ ಬಿಳಿಯ ತುಂಡು ಉಳಿಯ ಬಾಯಿಗೆ ಸಿಕ್ಕು ಬುಗುರಿಯೋ ಗಿಲಕಿಯೋ ಆಗಿ ರೂಪ ತಳೆದ ಮೇಲೆ, ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿ ಹಿಡಿಯುತ್ತಾರೆ. ಒಲೆಯಿಲ್ಲ, ಕುಂಚವಿಲ್ಲ. ಉಜ್ಜಾಟದ ಬಿಸಿಗೇ ಅರಗು ಮೆತ್ತಗಾಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಅದರ ಮೇಲೆ ಒಣಗಿದ ತಾಳೆ ಗರಿಯನ್ನು ಒತ್ತಿದರೆ ಉಬ್ಬುತಗ್ಗು ಅಳಿದು ಹೊಳಪು ಮೂಡುತ್ತದೆ. ಅರಗು ಕರಗುವುದು ಸುಮಾರು 75–80 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಆ ಬಿಸಿಯನ್ನು ಹುಟ್ಟಿಸುವುದು ಎರಡೇ ಸಂಗತಿ: ಕೈಯ ಒತ್ತಡ ಮತ್ತು ಮರದ ವೇಗ. ಒತ್ತಡ ಕಸುಬುದಾರರ ಹತೋಟಿಯಲ್ಲಿದೆ. ವೇಗ ಯಾರ ಹತೋಟಿಯಲ್ಲಿದೆ ಎಂಬುದೇ ಈ ಲೇಖನದ ವಿಷಯ.

ಲೆಕ್ಕ ನೋಡಿ. ನಿಮಿಷಕ್ಕೆ 1440 ಸುತ್ತು ತಿರುಗುವ ಲೇತಿನಲ್ಲಿ ಒಂದು ಇಂಚು ದಪ್ಪದ ಮಣಿಯ ಮೇಲ್ಮೈ ಸೆಕೆಂಡಿಗೆ ಎರಡು ಮೀಟರಿಗಿಂತ ತುಸು ಕಡಿಮೆ ವೇಗದಲ್ಲಿ ಓಡುತ್ತದೆ. ಅದೇ ಲೇತಿಗೆ ಆರು ಇಂಚಿನ ಡಬ್ಬಿಯ ಮುಚ್ಚಳ ಹಾಕಿದರೆ ಅದರ ಅಂಚಿನ ವೇಗ ಹನ್ನೊಂದೂವರೆ ಮೀಟರ್. ಅಷ್ಟೇ ಒತ್ತಡಕ್ಕೆ ಆರು ಪಟ್ಟು ಬಿಸಿ. ಮಣಿಯ ಮೇಲೆ ನಯವಾಗಿ ಹರಡುವ ಅರಗು ಮುಚ್ಚಳದ ಅಂಚಿನಲ್ಲಿ ಹನಿಯೊಡೆದು ಸಿಡಿಯಬಹುದು, ಬಣ್ಣ ಕಂದಬಹುದು. ಇನ್ನು ಉಳಿಯ ಬೇಡಿಕೆಯೇ ಬೇರೆ. ತೆಳ್ಳನೆಯ ಕಡ್ಡಿ ಕಡೆಯುವಾಗ ಅದಕ್ಕೆ ಹೆಚ್ಚು ವೇಗ ಬೇಕು, ದಪ್ಪ ಬಟ್ಟಲು ಕೊರೆಯುವಾಗ ಕಡಿಮೆ. ಒಂದೇ ಬೊಂಬೆಯ ಕತ್ತು, ಹೊಟ್ಟೆ, ಬಣ್ಣ, ಹೊಳಪು ನಾಲ್ಕೂ ನಾಲ್ಕು ಬಗೆಯ ವೇಗ ಕೇಳುತ್ತವೆ.

ಹಳೆಯ ಬಿಲ್ಲಿನ ಲೇತಿನಲ್ಲಿ ಇದು ಸಮಸ್ಯೆಯೇ ಆಗಿರಲಿಲ್ಲ. ಮರಕ್ಕೆ ಸುತ್ತಿದ ಹಗ್ಗವನ್ನು ಬಿಲ್ಲಿನಿಂದ ಮುಂದಕ್ಕೂ ಹಿಂದಕ್ಕೂ ಎಳೆದಂತೆ ತುಂಡು ಅತ್ತಿತ್ತ ತಿರುಗುತ್ತಿತ್ತು. ಎಳೆಯುವ ತೋಳೇ ವೇಗವನ್ನು ತೀರ್ಮಾನಿಸುತ್ತಿತ್ತು. ಅರಗು ಅಂಟುತ್ತಿಲ್ಲವೆಂದರೆ ಜೋರಾಗಿ, ಸಿಡಿಯುತ್ತಿದೆಯೆಂದರೆ ಮೆಲ್ಲಗೆ. ಕೆಲಸ ನಿಧಾನ, ಮೈ ಸೋಲುವಂಥದ್ದು, ಅರ್ಧ ಸುತ್ತು ವ್ಯರ್ಥ. ಆದರೂ ಕಣ್ಣು ಕಂಡದ್ದನ್ನು ತೋಳು ಆ ಕ್ಷಣವೇ ವೇಗಕ್ಕೆ ದಾಟಿಸುತ್ತಿತ್ತು. ಮೋಟಾರು ಬಂದು ತೋಳಿಗೆ ಬಿಡುವು ಕೊಟ್ಟಿತು, ಉತ್ಪಾದನೆ ಹೆಚ್ಚಿಸಿತು. ಅದರ ಉಪಕಾರವನ್ನು ಯಾರೂ ಅಲ್ಲಗಳೆಯಲಾರರು. ಜೊತೆಗೆ ವೇಗವನ್ನು ಮಾತ್ರ ಕಸುಬುದಾರರಿಂದ ಕಿತ್ತು ಕರೆಂಟಿನ ತಂತಿಗೆ ಒಪ್ಪಿಸಿತು.

ತಂತಿಗೆ ಒಪ್ಪಿಸಿತು ಎಂದದ್ದು ಅಲಂಕಾರಕ್ಕಲ್ಲ. ನಮ್ಮ ಮನೆಗಳಿಗೆ ಬರುವ ಕರೆಂಟು ಸೆಕೆಂಡಿಗೆ 50 ಸಲ ದಿಕ್ಕಿನ ಆವರ್ತ ಮುಗಿಸುತ್ತದೆ. ಇಂಡಕ್ಷನ್ ಮೋಟಾರಿನೊಳಗಿನ ಕಾಂತಕ್ಷೇತ್ರ ಈ ಎಣಿಕೆಗೆ ಕಟ್ಟುಬಿದ್ದು ತಿರುಗುತ್ತದೆ. ನಾಲ್ಕು ಧ್ರುವದ ಮೋಟಾರಾದರೆ ಕಾಂತಕ್ಷೇತ್ರ ನಿಮಿಷಕ್ಕೆ 1500 ಸುತ್ತು ಹೊಡೆಯುತ್ತದೆ. ಮೋಟಾರಿನ ದಂಡ ಅದಕ್ಕಿಂತ ತುಸು ಹಿಂದೆ ಬಿದ್ದು 1440ರ ಆಸುಪಾಸಿನಲ್ಲಿ ಓಡುತ್ತದೆ. ಹಳೆಯ ಮೈಸೂರು ಸೀಮೆಯ ವಿದ್ಯುತ್ ಚರಿತ್ರೆ ಬಲ್ಲವರಿಗೆ ಇಲ್ಲೊಂದು ಸಂಗತಿ ನೆನಪಾಗುತ್ತದೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಹರಿದ ವಿದ್ಯುತ್ತು 25 ಆವರ್ತದ್ದು. ಇದೇ ನಾಲ್ಕು ಧ್ರುವದ ಮೋಟಾರನ್ನು ಆ ತಂತಿಗೆ ಕಟ್ಟಿದ್ದರೆ ಅದರ ಕಾಂತಕ್ಷೇತ್ರ 750 ಸುತ್ತಿಗೆ ಇಳಿಯುತ್ತಿತ್ತು. ಆವರ್ತ ಬದಲಾದರೆ ವೇಗ ಬದಲಾಗುತ್ತದೆ. ಆ ಕಾಲದಲ್ಲಿ ಆವರ್ತವನ್ನು ತೀರ್ಮಾನಿಸುತ್ತಿದ್ದುದು ಜಲಪಾತದ ಬುಡದ ಜನರೇಟರು. ಈಗ ಅದನ್ನು ಲೇತಿನ ಪಕ್ಕದ ಗೋಡೆಯ ಮೇಲೆ, ಊಟದ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆಯೊಂದರಲ್ಲಿ ನಾವೇ ತೀರ್ಮಾನಿಸಬಹುದು.

ಈ ಪೆಟ್ಟಿಗೆ ಬರುವ ಮೊದಲು ಇದ್ದ ಉಪಾಯ ಮೆಟ್ಟಿಲು ಪುಲ್ಲಿ. ಮೋಟಾರಿಗೊಂದು, ಸ್ಪಿಂಡಲಿಗೊಂದು, ಎರಡೂ ಒಂದಕ್ಕೊಂದು ಬೋರಲು. ಬೆಲ್ಟನ್ನು ಒಂದು ಮೆಟ್ಟಿಲಿಗೆ ಹಾಕಿದರೆ 720 ಸುತ್ತು, ನಡುವಿನದಕ್ಕೆ 1440, ಮೂರನೆಯದಕ್ಕೆ 2880. ಬದಲಿಸಬೇಕಾದರೆ ಲೇತ್ ನಿಲ್ಲಿಸಬೇಕು, ಮುಚ್ಚಳ ತೆಗೆಯಬೇಕು, ಮೋಟಾರನ್ನು ಎತ್ತಿ ಬೆಲ್ಟ್ ಸಡಿಲಿಸಿ ಮೆಟ್ಟಿಲು ದಾಟಿಸಬೇಕು. ದಿನಕ್ಕೆ ನೂರಾರು ಮಣಿ ಕಡೆಯುವವರು ಪ್ರತಿ ಮಣಿಗೂ ಈ ಕೆಲಸ ಮಾಡುವುದುಂಟೆ? ಯಾವುದೋ ಒಂದು ಮೆಟ್ಟಿಲಿಗೆ ಬೆಲ್ಟು ಹಾಕಿ, ಉಳಿದದ್ದನ್ನೆಲ್ಲ ಕೈಚಳಕದಿಂದಲೇ ಸರಿದೂಗಿಸುತ್ತಾರೆ. ಆ ಕೈಚಳಕ ದೊಡ್ಡದು. ಅದರ ಅರ್ಧಪಾಲು ಯಂತ್ರದ ಕೊರತೆ ತುಂಬುವುದಕ್ಕೇ ಖರ್ಚಾಗುತ್ತಿದೆ ಎಂಬುದು ನನ್ನ ಸಂಕಟ.

ಇಷ್ಟು ಹೇಳಿದ ಕೂಡಲೇ ಎದುರಾಗುವ ಪ್ರಶ್ನೆ: ಫ್ಯಾನಿನ ಹಾಗೆ ಒಂದು ರೆಗ್ಯುಲೇಟರ್ ಹಾಕಿದರೆ ಆಗದೇ? ಆಗದು. ಸಣ್ಣ ಲೇತುಗಳಲ್ಲಿ ಸಾಮಾನ್ಯವಾಗಿ ಇರುವುದು ಕೆಪಾಸಿಟರ್ ಸ್ಟಾರ್ಟ್ ಬಗೆಯ ಸಿಂಗಲ್ ಫೇಸ್ ಮೋಟಾರು. ಹೊರಡಲು ಅದಕ್ಕೆ ಪ್ರತ್ಯೇಕ ಸುರುಳಿಯೊಂದರ ನೂಕು ಬೇಕು. ಮುಕ್ಕಾಲು ವೇಗ ಮುಟ್ಟುತ್ತಿದ್ದಂತೆ ಒಳಗಿನ ಸ್ವಿಚ್ಚು ‘ಟಕ್’ ಎಂದು ಆ ಸುರುಳಿಯನ್ನು ಕಳಚುತ್ತದೆ. ವೇಗ ಇಳಿಸಿದರೆ ಅದೇ ಸ್ವಿಚ್ಚು ಮತ್ತೆ ಕೂಡಿಕೊಳ್ಳುತ್ತದೆ. ಕೆಲವೇ ಕ್ಷಣ ಬಳಸಲೆಂದು ಮಾಡಿದ ಸುರುಳಿ, ಕೆಪಾಸಿಟರು ಎರಡೂ ಕಾದು ಸುಡುತ್ತವೆ. ಫ್ಯಾನಿನ ಮಾತು ಬೇರೆ: ಅದರಲ್ಲಿ ಈ ಸ್ವಿಚ್ಚು ಇಲ್ಲ, ವೇಗ ಇಳಿದಂತೆ ಗಾಳಿಯ ಭಾರವೂ ಬೇಗಬೇಗ ಇಳಿಯುತ್ತದೆ. ಉಳಿ ಒತ್ತಿದ ಮರದ ಭಾರ ಹಾಗೆ ಇಳಿಯುವುದಿಲ್ಲ. ಹಾಗಾಗಿ ಹಳೆಯ ಲೇತಿಗೆ ಎಲೆಕ್ಟ್ರಾನಿಕ್ ವೇಗ ಬೇಕೆನ್ನುವವರು ಮೊದಲು ಒಪ್ಪಿಕೊಳ್ಳಬೇಕಾದದ್ದು ಇದು: ಲೇತ್ ಉಳಿಯುತ್ತದೆ, ಮೋಟಾರು ಬದಲಾಗುತ್ತದೆ.

ಬೇಕಿರುವುದು ತ್ರೀ ಫೇಸ್ ಮೋಟಾರು ಮತ್ತು ವಿ.ಎಫ್.ಡಿ. ಎಂದು ಎಲ್ಲರೂ ಕರೆಯುವ ಡ್ರೈವ್. ಮನೆಗೆ ತ್ರೀ ಫೇಸ್ ಸಂಪರ್ಕ ಇರಬೇಕಿಲ್ಲ. ಸಿಂಗಲ್ ಫೇಸ್ 230 ವೋಲ್ಟನ್ನು ತೆಗೆದುಕೊಂಡು ಮೂರು ಫೇಸ್ ಕೊಡುವ ಡ್ರೈವ್‌ಗಳು 3 ಎಚ್.ಪಿ.ವರೆಗೆ ಸುಲಭವಾಗಿ ಸಿಗುತ್ತವೆ. ಒಳಗೆ ನಡೆಯುವುದಿಷ್ಟು. ಬಂದ ಕರೆಂಟನ್ನು ಮೊದಲು ಸುಮಾರು 325 ವೋಲ್ಟಿನ ನೇರ ವಿದ್ಯುತ್ತಾಗಿ ಮಾಡಿ ಕೆಪಾಸಿಟರುಗಳಲ್ಲಿ ತುಂಬಿಡುತ್ತದೆ. ಆಮೇಲೆ ಆರು ಎಲೆಕ್ಟ್ರಾನಿಕ್ ಸ್ವಿಚ್ಚುಗಳು ಅದನ್ನು ಸೆಕೆಂಡಿಗೆ ಸಾವಿರಾರು ಸಲ ಕತ್ತರಿಸಿ, ನಾವು ಕೇಳಿದ ಆವರ್ತದ ಮೂರು ಅಲೆಗಳನ್ನು ಕಟ್ಟಿಕೊಡುತ್ತವೆ. ಆವರ್ತ ಇಳಿಸಿದಂತೆ ವೋಲ್ಟೇಜನ್ನೂ ಅದೇ ಪ್ರಮಾಣದಲ್ಲಿ ಇಳಿಸುತ್ತದೆ. ಇಲ್ಲದಿದ್ದರೆ ಮೋಟಾರಿನ ಕಬ್ಬಿಣ ಕಾಂತತೆಯಿಂದ ತುಂಬಿ ಕಾಯುತ್ತದೆ.

ಆ ಆರು ಸ್ವಿಚ್ಚುಗಳ ಹೆಸರು ಐ.ಜಿ.ಬಿ.ಟಿ. ಅದನ್ನು ರೂಪಿಸಿದ ಬಿ. ಜಯಂತ್ ಬಾಳಿಗ ಬೆಳೆದದ್ದು ಬೆಂಗಳೂರಿನ ಜಾಲಹಳ್ಳಿಯಲ್ಲಿ. 1948ರಲ್ಲಿ ಮದ್ರಾಸಿನಲ್ಲಿ ಹುಟ್ಟಿ, ಬಿಷಪ್ ಕಾಟನ್ ಶಾಲೆಯಲ್ಲಿ ಓದಿ, ಮದ್ರಾಸಿನ ಐ.ಐ.ಟಿ.ಯಿಂದ 1969ರಲ್ಲಿ ಪದವಿ ಪಡೆದು ಅಮೆರಿಕಕ್ಕೆ ಹೋದವರು. ಜನರಲ್ ಎಲೆಕ್ಟ್ರಿಕ್ ಕಂಪನಿಯ ಪ್ರಯೋಗಾಲಯದಲ್ಲಿದ್ದಾಗ ಅವರ ಮುಂದೆ ಬಂದ ಪ್ರಶ್ನೆ, ಮೋಟಾರುಗಳ ವೇಗವನ್ನು ಕಡಿಮೆ ಖರ್ಚಿನಲ್ಲಿ, ಕಡಿಮೆ ನಷ್ಟದಲ್ಲಿ ಬದಲಿಸುವುದು ಹೇಗೆ ಎಂಬುದೇ. ಅಲ್ಪ ಸನ್ನೆಗೆ ಓಗೊಡುವ ಒಂದು ಬಗೆಯ ಟ್ರಾನ್ಸಿಸ್ಟರನ್ನೂ ಭಾರೀ ಕರೆಂಟು ಹೊರಬಲ್ಲ ಇನ್ನೊಂದು ಬಗೆಯದನ್ನೂ ಒಂದೇ ಸಿಲಿಕಾನ್ ತುಣುಕಿನಲ್ಲಿ ಕೂಡಿಸಿದ್ದು ಅವರ ಉತ್ತರ. ಇಂದು ಇನ್ವರ್ಟರ್ ಎ.ಸಿ., ಎಲೆಕ್ಟ್ರಿಕ್ ಕಾರು, ರೈಲು, ಲಿಫ್ಟು ಎಲ್ಲದರಲ್ಲೂ ಅದು ಕೂತಿದೆ. 2024ರಲ್ಲಿ ಫಿನ್ಲೆಂಡಿನ ಮಿಲೇನಿಯಂ ತಂತ್ರಜ್ಞಾನ ಪ್ರಶಸ್ತಿ ಅವರಿಗೆ ಬಂತು. ಜಗತ್ತನ್ನೆಲ್ಲ ಸುತ್ತಿದ ಈ ಸ್ವಿಚ್ಚು, ಅದರ ಕರ್ತೃ ಆಡಿ ಬೆಳೆದ ಊರಿನ ಪಕ್ಕದಲ್ಲೇ ಇರುವ ಚನ್ನಪಟ್ಟಣದ ಸಣ್ಣ ಲೇತುಗಳಿಗೂ ಸಲ್ಲಬೇಕಾದದ್ದು. ಅಲ್ಲಿ ಕುಳಿತು ಕಡೆಯುವವರಿಗೆ ಇದನ್ನು ಯಾರಾದರೂ ಹೇಳಬೇಕು ಎಂಬ ಆಸೆಯಿಂದಲೇ ಇದನ್ನು ಬರೆಯುತ್ತಿದ್ದೇನೆ.

ಮೋಟಾರು ಹೊಸದೇ ಆಗಬೇಕೆಂದಿಲ್ಲ. ಗುಜರಿಯಲ್ಲಿ ಸಿಗುವ ಗಟ್ಟಿ ಎರಕದ ಮೈಯ 1 ಎಚ್.ಪಿ. ತ್ರೀ ಫೇಸ್ ಮೋಟಾರು ಚೆನ್ನಾಗಿಯೇ ಓಡುತ್ತದೆ. ಅದರೊಳಗೆ ಸ್ವಿಚ್ಚಿಲ್ಲ, ಕೆಪಾಸಿಟರಿಲ್ಲ, ಕೆಡುವಂಥದ್ದೆಂದರೆ ಬೇರಿಂಗು, ಸುರುಳಿ ಎರಡೇ. ಒಂದು ತೊಡಕನ್ನು ಮಾತ್ರ ಮೊದಲೇ ಬಿಡಿಸಿಕೊಳ್ಳಬೇಕು. ನಮ್ಮಲ್ಲಿ ಇಂಥ ಸಣ್ಣ ಮೋಟಾರುಗಳನ್ನು ಸಾಮಾನ್ಯವಾಗಿ 415 ವೋಲ್ಟಿಗೆ ಸ್ಟಾರ್ ಜೋಡಣೆಯಲ್ಲಿ ಸುತ್ತಿರುತ್ತಾರೆ. ನಮ್ಮ ಡ್ರೈವ್ ಕೊಡುವುದು 230 ವೋಲ್ಟ್. ಹಾಗೆಯೇ ಕಟ್ಟಿದರೆ ಮೋಟಾರು ತಿರುಗುತ್ತದೆ, ಆದರೆ ಎಳೆಯುವ ಬಲ ಮೂರರಲ್ಲೊಂದು ಪಾಲಿಗೆ ಕುಸಿದು, ಉಳಿ ತಾಗಿದೊಡನೆ ನಿಲ್ಲುತ್ತದೆ. ಡೆಲ್ಟಾಗೆ ಬದಲಿಸಿದರೆ ಅದೇ ಸುರುಳಿಗೆ 230 ವೋಲ್ಟೇ ತಕ್ಕದ್ದಾಗುತ್ತದೆ. ಮೋಟಾರಿನ ಡಬ್ಬಿಯಲ್ಲಿ ಆರು ತುದಿ ಇದ್ದರೆ ಮೂರು ಪಟ್ಟಿಗಳನ್ನು ತಿರುಗಿಸಿ ಹಾಕಿದರಾಯಿತು. ಮೂರೇ ಇದ್ದರೆ ವೈಂಡಿಂಗ್ ಅಂಗಡಿಗೆ ಹೋಗಲೇಬೇಕು.

“ಅಣ್ಣಾ, ಇದರ ಸ್ಟಾರ್ ಗಂಟು ಬಿಚ್ಚಿ ಆರು ತುದಿ ಹೊರಗೆ ತೆಗೆದುಕೊಡ್ತೀರಾ? ಡೆಲ್ಟಾ ಮಾಡಬೇಕು” ಎಂದರೆ ಅವರಿಗೆ ಅರ್ಥವಾಗುತ್ತದೆ. ಒಳ್ಳೆಯ ವೈಂಡರ್ ಆದರೆ ಕೆಲಸ ಹಿಡಿಯುವ ಮೊದಲು ಎಚ್ಚರಿಕೆಯನ್ನೂ ಹೇಳುತ್ತಾರೆ: “ಮಾಡಿಕೊಡ್ತೀನಿ ಸ್ವಾಮಿ. ಆದ್ರೆ ಆಮೇಲೆ ಇದನ್ನ ಲೈನ್‌ನ ತ್ರೀ ಫೇಸ್‌ಗೆ ನೇರ ಕೊಟ್ಟೀರಿ ಮತ್ತೆ, ಸುಟ್ಟುಹೋಗುತ್ತೆ.” ಆ ಮಾತನ್ನು ಮೋಟಾರಿನ ಮೈಮೇಲೆಯೇ ಬಣ್ಣದಲ್ಲಿ ಬರೆಸಿಬಿಡುವುದು ಒಳ್ಳೆಯದು. ಡೆಲ್ಟಾ ಮಾಡಿದಾಗ ಮೋಟಾರು ಎಳೆಯುವ ಕರೆಂಟು ಅದರ ಮೈಮೇಲಿನ ಹಲಗೆಯಲ್ಲಿ ಬರೆದ ಸ್ಟಾರ್ ಅಂಕಿಗಿಂತ 1.73 ಪಟ್ಟು ಹೆಚ್ಚಾಗುತ್ತದೆ. ಹಲಗೆ 1.9 ಆಂಪಿಯರ್ ಎಂದಿದ್ದರೆ ಡ್ರೈವಿನ ರಕ್ಷಣಾ ಮಿತಿಯನ್ನು ಸುಮಾರು 3.3ಕ್ಕೆ ಇಡಬೇಕು.

ಇನ್ನು ನಾನು ಎಲ್ಲಕ್ಕಿಂತ ಒತ್ತಿ ಹೇಳಬೇಕೆಂದಿರುವ ಮಾತು: ಮೆಟ್ಟಿಲು ಪುಲ್ಲಿಯನ್ನು ಎಸೆಯಬೇಡಿ. ಡ್ರೈವ್ ಬಂದ ಮೇಲೆ ಬೆಲ್ಟಿನ ಗೊಡವೆ ಏಕೆಂದು ಒಂದೇ ಪುಲ್ಲಿ ಹಾಕಿಬಿಡುವವರಿದ್ದಾರೆ. ಪುಲ್ಲಿ ವೇಗ ಇಳಿಸಿದಾಗ ತಿರುಚುವ ಬಲವನ್ನು ಏರಿಸುತ್ತದೆ. ಡ್ರೈವ್ ವೇಗವನ್ನಷ್ಟೇ ಇಳಿಸುತ್ತದೆ, ಬಲ ಹೆಚ್ಚಿಸುವುದಿಲ್ಲ. 1 ಎಚ್.ಪಿ. ಮೋಟಾರು ಪೂರ್ಣ ವೇಗದಲ್ಲಿ ಕೊಡುವ ತಿರುಚುಬಲ ಸುಮಾರು 5 ನ್ಯೂಟನ್ ಮೀಟರ್. ಪುಲ್ಲಿಯಿಂದ 720ಕ್ಕೆ ಇಳಿಸಿದರೆ ಸ್ಪಿಂಡಲಿನಲ್ಲಿ 10 ಸಿಗುತ್ತದೆ. ಸಮ ಪುಲ್ಲಿಯಲ್ಲಿಟ್ಟು ಡ್ರೈವಿನಿಂದ 25 ಹರ್ಟ್ಸಿಗೆ ಇಳಿಸಿದರೆ ವೇಗ ಅದೇ 720, ಬಲ ಮಾತ್ರ 5ರಲ್ಲೇ ನಿಲ್ಲುತ್ತದೆ. ಹತ್ತು ಇಂಚಿನ ಬಟ್ಟಲಿನ ಅಂಚಿನಲ್ಲಿ ಉಳಿಗೆ ಎದುರಾಗುವ ನೂಕಿನ ಲೆಕ್ಕದಲ್ಲಿ ಮೊದಲನೆಯದು 8 ಕಿಲೋ, ಎರಡನೆಯದು 4. ಆ ನಾಲ್ಕು ಕಿಲೋ ವ್ಯತ್ಯಾಸದಲ್ಲೇ ಲೇತ್ ಕಡೆಯುವುದೂ ನಿಂತುಹೋಗುವುದೂ ಇದೆ. ಅಲ್ಲದೆ ತೀರಾ ನಿಧಾನವಾಗಿ ತುಂಬ ಹೊತ್ತು ಓಡಿಸಿದರೆ, ಮೋಟಾರಿನ ಬೆನ್ನಿಗಿರುವ ಫ್ಯಾನು ಕೂಡ ನಿಧಾನವಾಗಿ ಮೈ ಕಾಯುತ್ತದೆ.

ಆದ್ದರಿಂದ 25ರಿಂದ 75 ಹರ್ಟ್ಸಿನ ನಡುವೆ ಆಡುವುದು ಒಳ್ಳೆಯ ಪದ್ಧತಿ. ಕೆಳಮೆಟ್ಟಿಲಿನಲ್ಲಿ ಅದು 360ರಿಂದ 1080 ಸುತ್ತು, ನಡುಮೆಟ್ಟಿಲಿನಲ್ಲಿ 720ರಿಂದ 2160. ಬಟ್ಟಲಿನ ದಿನ ಕೆಳಗೆ, ಮಣಿಯ ದಿನ ನಡುವೆ. ಬೆಲ್ಟು ಮುಟ್ಟುವುದು ಅಷ್ಟಕ್ಕೇ. ಮೇಲಿನ ಮೆಟ್ಟಿಲಿನಲ್ಲಿ 75 ಹರ್ಟ್ಸ್ ಇಡುವ ಯೋಚನೆಯೇ ಬೇಡ. ಹಳೆಯ ಲೇತಿನ ಸ್ಪಿಂಡಲು ಗನ್‌ಮೆಟಲ್ ಬುಷ್ಷಿನಲ್ಲಿ ಕೂತಿದ್ದರಂತೂ ಅದನ್ನು ಮಾಡಿದವರು ಇಟ್ಟ ಮಿತಿಯನ್ನು ದಾಟಲೇಬಾರದು.

ಜೋಡಿಸುವುದರಲ್ಲಿ ಕಷ್ಟದ್ದೇನಿಲ್ಲ, ಎಚ್ಚರದ್ದು ಹಲವಿದೆ. ಡ್ರೈವಿಗೆ ಮರದ ಹುಡಿಯೇ ದೊಡ್ಡ ಶತ್ರು. ಅದರ ಪುಟ್ಟ ಫ್ಯಾನು ಉಪ್ಪುಕಾಗದದ ಧೂಳನ್ನೆಲ್ಲ ಒಳಕ್ಕೆಳೆದುಕೊಳ್ಳುತ್ತದೆ. ಹುಡಿ ಹಾರುವ ಜಾಗದಿಂದ ದೂರದಲ್ಲಿ, ಒಳಗೆ ಸಾಕಷ್ಟು ಜಾಗವಿರುವ ಲೋಹದ ಪೆಟ್ಟಿಗೆಯಲ್ಲಿ ಅದನ್ನು ಕೂರಿಸಬೇಕು. ಲೇತಿನ ಹಳೆಯ ಸ್ವಿಚ್ಚನ್ನು ಡ್ರೈವ್ ಮತ್ತು ಮೋಟಾರಿನ ನಡುವೆ ಉಳಿಸಿಕೊಳ್ಳಬಾರದು. ಓಡುತ್ತಿರುವಾಗ ಅಲ್ಲಿ ಕಡಿದರೆ ಐ.ಜಿ.ಬಿ.ಟಿ.ಗಳು ಸಾಯುತ್ತವೆ. ಓಡಿಸು, ನಿಲ್ಲಿಸು, ವೇಗ ಈ ಮೂರನ್ನೂ ಡ್ರೈವಿನ ಸಣ್ಣ ವೋಲ್ಟೇಜಿನ ತುದಿಗಳಿಂದ ತಂತಿ ಎಳೆದು, ಕೈಗೆಟಕುವ ಪುಟ್ಟ ಡಬ್ಬಿಯಲ್ಲಿ ಇಟ್ಟುಕೊಳ್ಳಬೇಕು. ಆ ಡಬ್ಬಿಯ ತಳಕ್ಕೆ ಅಯಸ್ಕಾಂತ ಅಂಟಿಸಿದರೆ ಲೇತಿನ ಯಾವ ಮೂಲೆಗೆ ಬೇಕಾದರೂ ಸರಿಸಿಕೊಳ್ಳಬಹುದು. ಕೆಂಪು ಅಣಬೆ ಗುಂಡಿ ಮಾತ್ರ ಸೊಂಟ ತಾಗಿದರೂ ಒತ್ತುವಂತೆ ಖಾಯಂ ಜಾಗದಲ್ಲಿರಲಿ.

ಕರೆಂಟು ಹೋಗಿ ಬರುವುದು ನಮ್ಮ ಊರುಗಳ ದಿನಚರಿ. ಕರೆಂಟು ಬಂದ ಕೂಡಲೇ ಲೇತ್ ತಾನಾಗಿ ಹೊರಡದಂತೆ ಡ್ರೈವಿನ ಸೆಟ್ಟಿಂಗಿನಲ್ಲಿ ತಡೆಯಬೇಕು. ಕತ್ತಲಲ್ಲಿ ಬಟ್ಟಲಿನೊಳಗೆ ಬೆರಳಿಟ್ಟು ನೋಡುತ್ತಿರುವವರ ಬೆರಳಿನ ಪ್ರಶ್ನೆ ಇದು. ಪ್ಲಗ್ಗು ಕಿತ್ತ ಮೇಲೂ ಒಳಗಿನ ಕೆಪಾಸಿಟರುಗಳು ಕೆಲವು ನಿಮಿಷ ಜೀವ ಹಿಡಿದಿರುತ್ತವೆ. ಕನಿಷ್ಠ ಹತ್ತು ನಿಮಿಷ ಕಾದು, ಮೀಟರಿನಲ್ಲಿ ನೋಡಿ ಮುಟ್ಟಬೇಕು. ಅರ್ಥಿಂಗ್ ಇಲ್ಲದ ಪ್ಲಗ್ಗಿಗೆ ಡ್ರೈವ್ ಕಟ್ಟುವುದೇ ಬೇಡ. ಮೋಟಾರಿನ ಮೈ, ಲೇತಿನ ಮೈ, ಡ್ರೈವ್ ಮೂರೂ ಭೂಮಿಗೆ ಸೇರಿರಬೇಕು. ವೈರಿಂಗ್ ಗೊತ್ತಿಲ್ಲದವರು ಐ.ಟಿ.ಐ. ಓದಿದ ಎಲೆಕ್ಟ್ರಿಷಿಯನ್ನನ್ನು ಕರೆಸುವುದೇ ಸರಿ. ಮೋಟಾರಿಗೆ ಹೋಗುವ ಕೇಬಲ್ಲು ಗಿಡ್ಡವಾಗಿ, ಜಾಲರಿ ಹೊದಿಕೆಯದಾಗಿ ಇರಲಿ. ಇಲ್ಲದಿದ್ದರೆ ಪಕ್ಕದ ಮನೆಯ ರೇಡಿಯೋದಲ್ಲಿ ಆಕಾಶವಾಣಿಯ ಮೀಡಿಯಂ ವೇವ್ ಬರೀ ಗೊರಗೊರ.

ಹೊರಡುವುದಕ್ಕೆ, ನಿಲ್ಲುವುದಕ್ಕೆ ಎಷ್ಟು ಸೆಕೆಂಡು ಎಂಬುದನ್ನೂ ಡ್ರೈವಿನಲ್ಲಿ ಹೇಳಬಹುದು. ಹೊರಡಲು ನಾಲ್ಕೈದು ಸೆಕೆಂಡು ಕೊಟ್ಟರೆ ಬೆಲ್ಟಿಗೂ ಬೇರಿಂಗಿಗೂ ಆರಾಮ. ನಿಲ್ಲಿಸಲು ಅವಸರ ಬೇಡ. ಹಳೆಯ ಲೇತುಗಳಲ್ಲಿ ಚಕ್ಕು ಸ್ಪಿಂಡಲಿನ ಮರೆಗೆ ತಿರುಚಿ ಕೂತಿರುತ್ತದೆ. ಸ್ಪಿಂಡಲು ಥಟ್ಟನೆ ನಿಂತರೆ ಭಾರದ ಬಟ್ಟಲು ತನ್ನ ಓಟದಲ್ಲೇ ಚಕ್ಕನ್ನು ಬಿಚ್ಚಿಕೊಂಡು ನೆಲಕ್ಕಿಳಿಯುತ್ತದೆ. ಹಿಮ್ಮುಖ ತಿರುಗಿಸುವ ಸೌಲಭ್ಯ ಡ್ರೈವಿನಲ್ಲಿ ಪುಕ್ಕಟೆಯಾಗಿ ಬರುತ್ತದೆ. ಉಪ್ಪುಕಾಗದ ಹಿಡಿಯುವಾಗ ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ ತಿರುಗಿಸಿದರೆ ಮರದ ಮಲಗಿದ ನಾರು ಎದ್ದು ನಯವಾಗಿ ಕತ್ತರಿಸಿಹೋಗುತ್ತದೆ. ಆದರೆ ಚಕ್ಕಿಗೆ ಬಿಗಿಯುವ ಸ್ಕ್ರೂ ಇಲ್ಲದಿದ್ದರೆ ಹಿಮ್ಮುಖದ ಗುಂಡಿಯ ತಂತಿಯನ್ನೇ ಜೋಡಿಸದಿರುವುದು ಲೇಸು.

ಕೆಲಸದಲ್ಲಿ ಆಗುವ ಬದಲಾವಣೆ ಮೊದಲು ಕೈಗೆ ಗೊತ್ತಾಗುತ್ತದೆ. ಓರೆಕೋರೆಯ ಹಸಿ ಮರದ ತುಂಡನ್ನು 720ರಲ್ಲಿ ಹೊರಡಿಸುವುದಕ್ಕೂ 360ರಲ್ಲಿ ಹೊರಡಿಸುವುದಕ್ಕೂ ಶಕ್ತಿಯ ಲೆಕ್ಕದಲ್ಲಿ ನಾಲ್ಕು ಪಟ್ಟು ಅಂತರವಿದೆ. ತುಂಡು ಹಾರಿದರೆ ಬರುವ ಹೊಡೆತವೂ ಅಷ್ಟೇ ಕಡಿಮೆ. ಬಟ್ಟಲು ಕಡೆಯುವವರ ಒಂದು ಸರಳ ಸೂತ್ರವುಂಟು: ಇಂಚಿನ ಅಡ್ಡಳತೆಯನ್ನು ಸುತ್ತಿನಿಂದ ಗುಣಿಸಿದರೆ 6000ದಿಂದ 9000ದ ನಡುವೆ ಬರಬೇಕು. ಹತ್ತು ಇಂಚಿಗೆ 600ರಿಂದ 900, ಮೂರು ಇಂಚಿಗೆ 2000ದಿಂದ 3000. ತುಂಡು ಇನ್ನೂ ಗುಂಡಗಾಗದೆ ಇರುವಾಗ ಅದಕ್ಕೂ ಕೆಳಗೆ. ಯಾವುದೋ ಒಂದು ವೇಗದಲ್ಲಿ ಲೇತೆಲ್ಲ ನಡುಗುತ್ತದೆ. ವೇಗದ ಗುಬಟನ್ನು ಕೂದಲೆಳೆಯಷ್ಟು ಅತ್ತ ಅಥವಾ ಇತ್ತ ತಿರುಗಿಸಿದರೆ ನಡುಕ ಮಾಯ. ಮೂರೇ ವೇಗವಿದ್ದ ಲೇತಿನಲ್ಲಿ ಆ ನಡುಕವನ್ನು ಸಹಿಸಿಕೊಳ್ಳುವುದೊಂದೇ ದಾರಿಯಾಗಿತ್ತು. ಅರಗಿನ ಕೆಲಸದಲ್ಲಂತೂ ಒಂದು ಕೈ ಕಡ್ಡಿಯ ಮೇಲೆ, ಇನ್ನೊಂದು ಗುಬಟಿನ ಮೇಲೆ. ಕಡ್ಡಿಯ ತುದಿ ಮೆತ್ತಗಾಗುವುದನ್ನು ನೋಡುತ್ತಲೇ ವೇಗ ಇಳಿಸಬಹುದು, ಗರಿ ಒತ್ತುವಾಗ ಮತ್ತೆ ಏರಿಸಬಹುದು. ಬಿಲ್ಲು ಎಳೆಯುತ್ತಿದ್ದ ತೋಳಿಗಿದ್ದ ಅಧಿಕಾರ ಹೀಗೆ ಬೆರಳುಗಳಿಗೆ ಬರುತ್ತದೆ.

ಬೇರೆ ದಾರಿಗಳೂ ಇವೆ. ಹೊರದೇಶಗಳ ಹವ್ಯಾಸಿಗಳು ಟ್ರೆಡ್‌ಮಿಲ್ಲಿನಿಂದ ಕಿತ್ತ ಡಿ.ಸಿ. ಮೋಟಾರು ಬಳಸುತ್ತಾರೆ. ಅದರ ಬಲವೆಲ್ಲ ಅತಿ ವೇಗದಲ್ಲಿದೆ, ಕಾರ್ಬನ್ ಬ್ರಷ್ಷು ಸವೆಯುತ್ತದೆ, ತೆರೆದ ಮೈಗೆ ಹುಡಿ ತುಂಬುತ್ತದೆ. ನನಗೆ ಅದು ಒಪ್ಪಿಗೆಯಿಲ್ಲ. ಗಾರ್ಮೆಂಟ್ ಕಾರ್ಖಾನೆಗಳ ಹೊಲಿಗೆ ಯಂತ್ರಕ್ಕೆ ಈಗ ಬರುತ್ತಿರುವ ಸರ್ವೋ ಮೋಟಾರು ಹೆಚ್ಚು ಯೋಗ್ಯ. ಬ್ರಷ್ಷಿಲ್ಲ, ನಿಯಂತ್ರಕ ಜೊತೆಯಲ್ಲೇ ಬರುತ್ತದೆ, ತೂಕ ಕಡಿಮೆ. ಬುಗುರಿ, ಮಣಿ, ಚದುರಂಗದ ಕಾಯಿ ಕಡೆಯುವ ಸಣ್ಣ ಲೇತಿಗೆ ಅದು ಸಾಕು. ದೊಡ್ಡ ಬಟ್ಟಲಿಗೆ ಸಾಲದು.

ಖರ್ಚಿನ ಬಗ್ಗೆ ಹೇಳುವುದಾದರೆ, 1 ಎಚ್.ಪಿ. ಡ್ರೈವಿನ ಬೆಲೆ ಕೆಲವು ಸಾವಿರ ರೂಪಾಯಿ. ಕಸುಬಿನಿಂದಲೇ ಹೊಟ್ಟೆ ಹೊರೆಯುವವರಿಗೆ ಅದು ಸಣ್ಣ ಮೊತ್ತವಲ್ಲ ಎಂಬುದು ನನಗೆ ಗೊತ್ತು. ಕರಕುಶಲ ತರಬೇತಿ ಕೇಂದ್ರಗಳು ಹೊಸ ವಿನ್ಯಾಸ ಕಲಿಸಲು ತೋರುವ ಉತ್ಸಾಹದಲ್ಲಿ ಒಂದಂಶವನ್ನು ಲೇತಿನ ವೇಗಕ್ಕೂ ತೋರಬೇಕು. ಒಂದು ಡ್ರೈವ್, ಒಂದು ಹಳೆಯ ಮೋಟಾರು ಇಟ್ಟು, ಬಂದವರು ತಮ್ಮದೇ ಅರಗಿನ ಕಡ್ಡಿ ಹಿಡಿದು ಪರೀಕ್ಷಿಸುವಂತೆ ಮಾಡಿದರೆ ಸಾಕು, ಉಳಿದದ್ದನ್ನು ಅವರ ಕೈಗಳೇ ತೀರ್ಮಾನಿಸುತ್ತವೆ. ಚನ್ನಪಟ್ಟಣ ಯಂತ್ರಕ್ಕೆ ಹೆದರಿದ ಊರಲ್ಲ. ಕಳೆದ ಶತಮಾನದ ಆರಂಭದಲ್ಲಿ ಬಾವಾಸ್ ಮಿಯಾ ಅವರು ಜಪಾನಿನ ಬೊಂಬೆ ತಯಾರಿಕೆಯ ರೀತಿಯನ್ನು ಇಲ್ಲಿಗೆ ತಂದರೆಂದು ಕಸುಬಿನವರು ಇಂದಿಗೂ ಗೌರವದಿಂದ ಹೇಳುತ್ತಾರೆ.

ಎಲ್ಲ ಜೋಡಿಸಿ ಆದ ಮೇಲೆ ಮಾಡಬೇಕಾದ ಕೆಲಸ ಇನ್ನೊಂದಿದೆ. ಡ್ರೈವಿನ ಪರದೆ ತೋರಿಸುವುದು ಹರ್ಟ್ಸನ್ನು. ಕಡೆಯುವವರಿಗೆ ಬೇಕಿರುವುದು ಸುತ್ತು. ಒಂದು ಟ್ಯಾಕೋಮೀಟರ್ ತಂದು, ಗುಬಟಿನ ಸುತ್ತ ಅಂಟಿಸಿದ ಕಾಗದದ ಬಿಲ್ಲೆಯಲ್ಲಿ ಎರಡು ವರ್ತುಲ ಬರೆಯಬೇಕು: ಒಳಗಿನದು ಕೆಳಮೆಟ್ಟಿಲಿನ ಅಂಕಿಗಳಿಗೆ, ಹೊರಗಿನದು ನಡುಮೆಟ್ಟಿಲಿಗೆ. ಆಮೇಲೆ ಒಂದೊಂದೇ ಬೊಂಬೆ ಮಾಡುತ್ತ, ಅರಗು ಸರಿಯಾಗಿ ಹತ್ತಿದ ಜಾಗಗಳಲ್ಲಿ ಪೆನ್ಸಿಲಿನ ಗುರುತು ಹಾಕುತ್ತ ಹೋಗಬೇಕು. ಅರಿಸಿನ ಬೆರೆಸಿದ ಹಳದಿಗೊಂದು, ನೀಲಿಗೊಂದು, ಗರಿಗೊಂದು. ಪಕ್ಕದ ಲೇತಿನವರ ಗುರುತುಗಳು ಬೇರೆಯೇ ಇರುತ್ತವೆ, ಏಕೆಂದರೆ ಅವರ ಕೈಯ ಒತ್ತಡ ಬೇರೆ.